ಅರ್ಧ ಬಟ್ಟಲು ಮಾದಲಿ

“ಹೊರಗಡೆಯಿಂದ ಏನಾದ್ರೂ ತಗೊಳ್ತಾ ಇದೀರಾ, ಶಿವಕಿರಣ್? ಇಂಜೆಕ್ಷನ್, ಮಾತ್ರೆ, ಜಿಮ್ ಪುಡಿ?”

ಡಾಕ್ಟರ್ ಐಶ್ವರ್ಯ ವರದಿಯಿಂದ ಕಣ್ಣೆತ್ತಲಿಲ್ಲ. ಶಿವಕಿರಣನಿಗೆ ನಗು ಬಂತು. ಬೇಸಿಗೆಯಲ್ಲಿ ಇದೇ ಕುರ್ಚಿಯಲ್ಲಿ ಕುಳಿತಿದ್ದಾಗ, ಅವನ ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಪಾತಾಳ ಕಂಡಿದೆ, ಮಕ್ಕಳಾಗದಿರುವುದಕ್ಕೆ ಅದೂ ಒಂದು ಕಾರಣ ಎಂದು ಆಕೆಯೇ ಹೇಳಿದ್ದರು. ಔಷಧಿ ಬೇಡ, ಹೊಟ್ಟೆ ಕರಗಿಸಿ, ಹೊತ್ತಿಗೆ ಮಲಗಿ, ಭಾರ ಎತ್ತಿ, ಸಿಹಿ ಬಿಡಿ ಎಂದಿದ್ದರು. ಅಂದಿನಿಂದ ಅವನು ಸುಂಕದಕಟ್ಟೆಯ ತನ್ನ ಟೈಲ್ಸ್ ಅಂಗಡಿಯನ್ನು ಬೇಗ ಮುಚ್ಚಿ, ಕುರುಬರಹಳ್ಳಿಯ ಜಿಮ್ಮಿನಲ್ಲಿ ಬೆವರು ಬಸಿದಿದ್ದ.

“ಇಲ್ಲ ಮೇಡಂ. ಬರೀ ಜಿಮ್ಮು, ನಿದ್ದೆ, ಮೊಳಕೆಕಾಳು. ಯಾಕೆ, ಏರಿಲ್ವಾ?”

“ಏರಿದೆ. ಯಾವ ಜಿಮ್ಮಿಂದಲೂ ಏರದಷ್ಟು ಏರಿದೆ.” ಆಕೆ ಇನ್ನೊಂದು ಹಾಳೆಯನ್ನು ಮುಂದೆ ಸರಿಸಿದರು. “ಹಾರ್ಮೋನ್ ಹೊರಗಿಂದ ಬಂದ್ರೆ ದೇಹ ತನ್ನ ಕೆಲಸ ನಿಲ್ಲಿಸಿಬಿಡುತ್ತೆ. ವೀರ್ಯಾಣು ಈಗ ಒಂದೂ ಇಲ್ಲ. ಅದೇನು ಅಂತ ಹುಡುಕಿ ನಿಲ್ಲಿಸಿ. ವಾಪಸ್ ಬರಬಹುದು. ಭರವಸೆ ಮಾತ್ರ ಕೊಡಲ್ಲ.”

ಬಾಗಿಲು ದಾಟುವಷ್ಟರಲ್ಲಿ ಹೆಂಡತಿ ರಕ್ಷಾಳ ಫೋನು. ಅವಳ ಗಂಟಲು ಇನ್ನೂ ಒಡಕಾಗಿಯೇ ಇತ್ತು. ಶೀತವೆಂದು ವಚನ ಹಾಡುವುದನ್ನೂ ಬಿಟ್ಟು ವಾರಗಳಾಗಿದ್ದವು.

“ರೀ, ಬೇಗ ಬನ್ನಿ. ಮುಟ್ಟು ನಿಂತು ಎರಡು ತಿಂಗ್ಳಾಯ್ತು. ನಿಮಗೆ ಸುಮ್ನೆ ಆಸೆ ಹುಟ್ಟಿಸೋದು ಬೇಡಾಂತ ಬಾಯಿ ಬಿಟ್ಟಿರಲಿಲ್ಲ. ಇವತ್ತು ತಡೀಲಾರದೆ ಅತ್ತೆಗೆ ಹೇಳ್ಬಿಟ್ಟೆ. ನಾಳೆ ಟೆಸ್ಟ್ ಮಾಡ್ಸೋಣ.”

ಒಂದೂ ಇಲ್ಲ. ಆದರೂ ಎರಡು ತಿಂಗಳು. ಹಾಗಾದರೆ ಯಾರದು? ಬಸವೇಶ್ವರನಗರದ ಮನೆ ಮುಟ್ಟುವವರೆಗೂ ಆ ಪ್ರಶ್ನೆ ಎದೆಯೊಳಗೆ ಚೇಳಿನಂತೆ ಕುಟುಕುತ್ತಲೇ ಇತ್ತು.

ತಾಯಿ ಜಗದಾಂಬಾ ಲಿಂಗಪೂಜೆ ಮುಗಿಸಿ, ಮಾದಲಿಯ ಬಟ್ಟಲು ಹಿಡಿದು ಕಾಯುತ್ತಿದ್ದರು. ಬೆಲ್ಲದ ಆ ಸಿಹಿ ಪ್ರಸಾದವನ್ನು ದಿನವೂ ಅವನಿಗೆ ಕೊಡುತ್ತಿದ್ದರು. ಸಿಹಿ ಬಿಟ್ಟವನೆಂದು ಅವನು ಅರ್ಧ ತಿಂದು ಬಟ್ಟಲನ್ನು ಹೆಂಡತಿಗೆ ದಾಟಿಸುತ್ತಿದ್ದ. ಪ್ರಸಾದವನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ಉಳಿದರ್ಧವನ್ನು ರಕ್ಷಾ ಬಳಿದು ತಿನ್ನುತ್ತಿದ್ದಳು.

ಇಂದು ಆ ಮಾದಲಿಯ ಕಡುಗಂದು ಬಣ್ಣ ಅವನ ಕಣ್ಣಿಗೆ ಬಿತ್ತು.

“ಅಮ್ಮ, ಇದಕ್ಕೆ ಏನು ಬೆರೆಸ್ತೀಯ?”

ಜಗದಾಂಬಾ ನಾಚಿದರು. “ಗೊತ್ತಾಗಿ ಹೋಯ್ತಾ? ಕೆಂಗೇರಿ ದಾರೀಲಿ ಡೇರೆ ಹಾಕ್ಕೊಂಡಿದಾನಲ್ಲ, ಆ ವೈದ್ಯನ ಲೇಹ್ಯ ಕಣಪ್ಪ. ಬರೀ ಬೇರು ನಾರು ಅಂದ. ಕೇಳಿದ್ರೆ ನೀನು ಒಪ್ತಿರಲಿಲ್ಲ. ಲಿಂಗಕ್ಕೆ ಅರ್ಪಿಸಿಯೇ ಕೊಟ್ಟಿದೀನಿ. ನೋಡು, ಫಲ ಕೊಡ್ತು.”

ಅಡುಗೆಮನೆಯಿಂದ ರಕ್ಷಾ ಬಂದಳು. ಕೆನ್ನೆಯಲ್ಲಿ ನಗು, ಗದ್ದದ ಮೇಲೆ ಅವಳು ಈಚೆಗೆ ವಾರವಾರವೂ ಪಾರ್ಲರಿನಲ್ಲಿ ತೆಗೆಸುತ್ತಿದ್ದ ಕೂದಲಿನ ನಸುಗಪ್ಪು. ಗಂಡಸಿನಂತೆ ಒಡೆದ ಗಂಟಲು, ಈ ಗದ್ದ, ನಿಂತ ಮುಟ್ಟು. ಶಿವಕಿರಣನ ಅನುಮಾನ ಅಲ್ಲೇ ಸತ್ತಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಭಾರವಾಗಿತ್ತು. ಅವಳ ಒಡಲಲ್ಲಿ ಕೂಸಿರಲಿಲ್ಲ. ಅವನು ದಾಟಿಸಿದ ಅರ್ಧ ಬಟ್ಟಲಿತ್ತು.

“ಯಾಕೆ ರೀ, ಮುಖ ಹಂಗಾಗಿದೆ? ಡಾಕ್ಟ್ರು ಏನಂದ್ರು?”

“ಏರಿದೆಯಂತೆ,” ಎಂದ. ಸುಳ್ಳಲ್ಲ. ವರದಿಯನ್ನು ಮಡಚಿ ಜೇಬಿಗಿಳಿಸಿದ.

“ನಾನು ಹೇಳ್ಲಿಲ್ವಾ?” ಜಗದಾಂಬಾ ಬಟ್ಟಲನ್ನು ಸೊಸೆಯ ಕಡೆ ಚಾಚಿದರು. “ಇವತ್ತಿಂದ ಅರ್ಧ ಗಿರ್ಧ ಇಲ್ಲ. ಪೂರ್ತಿ ನಿಂಗೇ ಕಣಮ್ಮ, ಇಬ್ಬರ ಹೊಟ್ಟೆ ತುಂಬಬೇಕು.”

ರಕ್ಷಾ ಕೈ ನೀಡಿದಳು. ಅಷ್ಟರಲ್ಲಿ ಶಿವಕಿರಣ್ ಬಟ್ಟಲನ್ನು ಕಿತ್ತುಕೊಂಡ. ನಿಂತಲ್ಲೇ ತುತ್ತಿನ ಮೇಲೆ ತುತ್ತು ನುಂಗಿ, ಬೆರಳಿನಿಂದ ತಳವನ್ನೂ ಬಳಿದ.

“ಅಯ್ಯೋ, ಸಿಹಿ ಬಿಟ್ಟ ಸನ್ಯಾಸಿಗೆ ಏನಾಯ್ತು ಅತ್ತೆ?” ರಕ್ಷಾ ಒಡೆದ ಗಂಟಲಿನಲ್ಲಿ ನಕ್ಕಳು.

“ತಿನ್ನಲಿ ಬಿಡು. ಅಪ್ಪ ಆಗೋ ಸಂತೋಷ.” ಜಗದಾಂಬಾ ಅವನ ಕೈಯಿಂದ ಬಟ್ಟಲನ್ನು ತೆಗೆದುಕೊಂಡರು. “ಡಬ್ಬಿಯಲ್ಲಿ ಲೇಹ್ಯ ಇನ್ನೂ ಬೇಕಾದಷ್ಟಿದೆ. ನಿಂಗೆ ಬೇರೆ ಕಲಸಿ ತರ್ತೀನಿ, ಕೂತ್ಕೊಳ್ಳಮ್ಮ.”