ಎರಡು ಸಲ ತುಂಬಿದ ಕೋವಿ

ಕೆಂಟಕಿಯ ಆ ಗುಡ್ಡಗಳಲ್ಲಿ ಜಿಂಕೆ ಬೇಟೆ ಶುರುವಾಗಲು ಇನ್ನೊಂದೇ ದಿನವಿತ್ತು. ನಳಿಗೆಯ ಬಾಯಿಂದಲೇ ಮದ್ದು ತುಂಬುವ ಅಪ್ಪನ ಹಳೆಯ ಕೋವಿಗೆ ಡಾರ್ಲೀನ್ ಗಿಡಿಯುವ ಕೋಲನ್ನು ಇಳಿಸಿದಳು. ಒಂದು ಸಲ ಮದ್ದುಗುಂಡು ತುಂಬಿದ್ದರೆ ಕೋಲು ಎಲ್ಲಿಗೆ ನಿಲ್ಲಬೇಕೆಂದು ಅಪ್ಪ ಎಮ್ಮೆಟ್ ಅದರಲ್ಲಿ ಗೆರೆ ಕೊರೆದಿದ್ದ. ಗೆರೆ ನಳಿಗೆಯ ಬಾಯಿಂದ ಮೂರು ಬೆರಳು ಮೇಲೆಯೇ ನಿಂತುಬಿಟ್ಟಿತು. ಹಾಗೇ ಕೋವಿಯ ಕುದುರೆ ಎಳೆದಿದ್ದರೆ ನಳಿಗೆ ಒಡೆದು ಅಪ್ಪನ ಮುಖವೇ ಉಳಿಯುತ್ತಿರಲಿಲ್ಲ.

"ಅಪ್ಪಾ, ತುಂಬಿದ್ದರ ಮೇಲೆ ಮತ್ತೆ ತುಂಬಿದ್ದೀಯ."

"ನಿಮ್ಮಣ್ಣ ಮುಟ್ಟಿರಬೇಕು."

"ಅಣ್ಣ ಬಂದುಹೋಗಿ ಎರಡು ತಿಂಗಳಾಯ್ತಲ್ಲಪ್ಪ."

ಇತ್ತೀಚೆಗೆ ಎಮ್ಮೆಟ್‌ಗೆ ಊಟ ಮಾಡಿದ್ದೂ ನೆನಪಿರುತ್ತಿರಲಿಲ್ಲ. ಬೇಟೆಯೊಂದೇ ಉಳಿದಿತ್ತು, ಅದನ್ನೂ ಕಿತ್ತುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ.

ಅಣ್ಣ ತಂದುಕೊಟ್ಟ ಹೊಸ ಕೋವಿ ಮೂಲೆಯಲ್ಲಿತ್ತು. ಅದಕ್ಕೆ ಒಂದು ಸಲಕ್ಕಾಗುವಷ್ಟೇ ಮದ್ದು ಕಂಪನಿಯಿಂದಲೇ ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಬರುತ್ತದೆ. ಕೋವಿಯ ಹಿಂದಿನಿಂದ ಒಂದನ್ನು ತುರುಕಿದರೆ ಇನ್ನೊಂದಕ್ಕೆ ಜಾಗವಿಲ್ಲ. "ಕಂಪನಿ ಬಾಗಿಲು ಹಾಕಿದ ದಿನ ಅದು ನಾಯಿ ಓಡಿಸೋ ದೊಣ್ಣೆ," ಎಂದು ಎಮ್ಮೆಟ್ ಮಗನ ಮುಖಕ್ಕೇ ಹೇಳಿದ್ದ. ಈಗ ತಾನಾಗಿಯೇ ಅದಕ್ಕೆ ಕೈ ಚಾಚಿದ.

"ಆ ದೊಣ್ಣೇನೇ ಕೊಡು. ಕಲೀತೀನಿ."

ಅವಳು ಖಾಲಿ ಡಬ್ಬಿ ಇಟ್ಟುಕೊಂಡು ತೋರಿಸಿದಳು. ಕೋವಿಯನ್ನು ಇಲ್ಲಿ ಮಡಿಸು, ಡಬ್ಬಿ ಇಲ್ಲಿ ಹಾಕು, ಮುಚ್ಚು. ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಕೋವಿ ಕೈಗೆ ಬಂದದ್ದೇ ತಡ, ಅದನ್ನು ನೆಟ್ಟಗೆ ನಿಲ್ಲಿಸಿ ಹಳೆಯ ಕೋವಿಯ ಮದ್ದು ತುಂಬಿಟ್ಟ ಕೊಂಬಿಗೆ ಕೈ ಹಾಕಿದ. ಅವಳು ತಡೆದು ಮತ್ತೆ ತೋರಿಸಿದಳು. ಮತ್ತೆ ಅದೇ ಆಯಿತು. ಮೂರನೆಯ ಸಲ ತಡೆಯಲು ಅವಳಿಗೆ ಕೈ ಬರಲಿಲ್ಲ. ಅವನು ಹಲ್ಲಿನಿಂದ ಕೊಂಬಿನ ಬಿರಡೆ ಕಿತ್ತು, ಒಂದು ಕಾಳೂ ಚೆಲ್ಲದೆ ಮದ್ದನ್ನು ನಳಿಗೆಯ ಬಾಯಿಗೆ ಸುರಿದ, ಗುಂಡಿಗೆ ಬಟ್ಟೆ ಸುತ್ತಿ ಕೋಲಿನಿಂದ ಗಿಡಿದ. ಅರವತ್ತು ವರ್ಷ ಪಳಗಿದ ಕೈ ಎಲ್ಲೂ ತಪ್ಪಲಿಲ್ಲ. ಅಪ್ಪ ಮರೆಯದೆ ಉಳಿಸಿಕೊಂಡದ್ದೇ ಅವನನ್ನು ಕೊಲ್ಲುತ್ತದೆ ಎಂದು ಡಾರ್ಲೀನ್‌ಗೆ ಅರ್ಥವಾಯಿತು. ಅಳು ತಡೆಯಲಾಗಲಿಲ್ಲ.

"ನಂಗೂ ಬಂತು ನೋಡು," ಎಂದು ತಿರುಗಿದವನು ಮಗಳ ಕಣ್ಣೀರು ನೋಡಿ ಗಾಬರಿಯಾದ. "ಏನಾಯ್ತೇ?"

"ಆ ಹಳೇ ಕೋವಿಗೆ ಎರಡು ಸಲ ಮದ್ದು ತುಂಬಿಬಿಟ್ಟಿದೆಯಪ್ಪ."

"ಯಾರು, ನೀನಾ?"

ಅವನ ಮುಖದಲ್ಲಿ ಆಗಿನ ಮಾತಿನ ನೆನಪೇ ನಿಜವಾಗಿಯೂ ಇರಲಿಲ್ಲ.

"ಹೂಂ. ನಾನೇ."

ಎಮ್ಮೆಟ್ ಅವಳ ತಲೆ ನೇವರಿಸಿದ. "ಹಾಗೆ ಮಾಡಿದವರನ್ನ ಆ ವರ್ಷ ಬೇಟೆಗೆ ಕರ್ಕೊಂಡು ಹೋಗಬಾರದಮ್ಮ. ಅಳಬೇಡ. ನಿನ್ನ ಬಿಟ್ಟು ನಾನೂ ಹೋಗಲ್ಲ."