ಒಪ್ಪಿಗೆಗೆ ಕಾದ ಪುಟ

"ಚೌಕ ಬ್ರಾಕೆಟ್ಟಿನ ಒಳಗಿರೋದನ್ನ ಬಿಟ್ಟರೂ ನಡೆಯುತ್ತೆ ಅಂತ ನೀನೇ ತಾನೇ ಹೇಳಿಕೊಟ್ಟಿದ್ದು?" ಹೆಗಲ ಚೀಲವನ್ನೂ ಇಳಿಸದೆ ತಂಗಿ ಕೇಳಿದಳು.

ಅಕ್ಕನೇ ಹೇಳಿಕೊಟ್ಟಿದ್ದು, ಸುಳ್ಳೇನಲ್ಲ. ತಂಗಿ ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ, ಅಲ್ಲಿ ಬಳಸುವುದು ತಾನು ಕೈಪಿಡಿ ತಿದ್ದುವ ಡೇಟಾಬೇಸನ್ನೇ ಎಂದು ತಿಳಿದು ಅಕ್ಕ ಹಿಗ್ಗಿದ್ದಳು. ದಾಖಲೆ ಕೂಡಿಡುವ ಆ ತಂತ್ರಾಂಶ ಎಲ್ಲರಿಗೂ ಪುಕ್ಕಟೆ, ಅದರ ಕೈಪಿಡಿ ತಿದ್ದುವವರೂ ಪುಕ್ಕಟೆ. ಬಿಟ್ಟಿ ಚಾಕರಿ ಎಂದು ಅಮ್ಮ ಗೊಣಗುತ್ತಿದ್ದರೂ ಆರು ವರ್ಷದಿಂದ ಬಿಟ್ಟಿರಲಿಲ್ಲ.

ಇವತ್ತು ಬೆಳಿಗ್ಗೆ ತಂಗಿ ಹತ್ತು ವರ್ಷಕ್ಕಿಂತ ಹಳೆಯ ದಾಖಲೆಗಳನ್ನು ಅಳಿಸಲು ಕೂತಿದ್ದಳು. ಕೈಪಿಡಿಯಲ್ಲಿ, ಅಳಿಸುವ ಆಜ್ಞೆಯ ಕೊನೆಗೆ ಚೌಕ ಬ್ರಾಕೆಟ್ಟಿನಲ್ಲಿ 'ದಿನಾಂಕ' ಎಂದಿತ್ತು. ಹತ್ತು ವರ್ಷದ ಗಡುವನ್ನು ಸೆಟ್ಟಿಂಗಿನಲ್ಲಿ ಮೊದಲೇ ಹಾಕಿಟ್ಟಾಗಿದೆಯಲ್ಲ, ಮತ್ತೆ ಯಾಕೆ ಎಂದು ಬಿಟ್ಟಳು. ಉಳಿದೆಲ್ಲ ಪುಟಗಳಲ್ಲಿ ಆ ಗುರುತಿಗೆ 'ಬೇಕಿದ್ದರೆ ಬರೆಯಿರಿ' ಎಂದೇ ಅರ್ಥ. ಈ ಒಂದು ಪುಟ ಬರೆದ ಪುಣ್ಯಾತ್ಮ ಮಾತ್ರ 'ಇಲ್ಲಿ ನಿಮ್ಮದನ್ನು ತುಂಬಲೇಬೇಕು' ಎಂಬ ಅರ್ಥದಲ್ಲಿ ಅದನ್ನು ಹಾಕಿದ್ದ. ದಿನಾಂಕ ಕೊಡದಿದ್ದರೆ ಆ ಆಜ್ಞೆ ಹಳತು ಹೊಸತು ನೋಡುವುದಿಲ್ಲ. ಹದಿನಾಲ್ಕು ವರ್ಷದ ದಾಖಲೆ ಗುಡಿಸಿಕೊಂಡು ಹೋಯಿತು. ಕಾಪಿಟ್ಟ ನಕಲು ಇದ್ದದ್ದು ಎರಡು ವರ್ಷದ ಹಿಂದಿನದು.

"ಡಾಕ್ಟ್ರು ಏನಂದ್ರು?"

"ಬೈದಿದ್ರೆ ಚೆನ್ನಾಗಿರ್ತಿತ್ತು. ಒಬ್ಬ ಅಜ್ಜಿ ಕೂತಿದ್ರು. ಕಣ್ಣಿನ ಒತ್ತಡ ಹೋದ ಸಲ ಎಷ್ಟಿತ್ತು ಅಂತ ಡಾಕ್ಟ್ರು ಅವರನ್ನೇ ಕೇಳಿದ್ರು. ನೀವು ಬರ್ಕೊಂಡಿದ್ರಲ್ಲಪ್ಪ, ನಂಗೇನು ಗೊತ್ತು ಅಂದ್ರು ಪಾಪ. ಆಮೇಲೆ ಡಾಕ್ಟ್ರು ನನ್ನ ಕಡೆ ತಿರುಗಿ, ನಾಳೆಯಿಂದ ಬರೋದು ಬೇಡಮ್ಮ ಅಂದ್ರು."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ತೆರೆದು, ಆದ ಅನಾಹುತವನ್ನು ಕೈಪಿಡಿಯ ಉಸ್ತುವಾರಿಯವನಿಗೆ ಬರೆದಳು. ಎಂದೂ ಮುಖ ನೋಡದ ಮನುಷ್ಯ. ಯಾರು ಏನು ತಿದ್ದಿದರೂ ಅವನು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದೇ ಪುಟವನ್ನು ಅವಳು ಹಿಂದೆಯೇ ಸರಿಪಡಿಸಿ ಕಳಿಸಿದ್ದಳು. 'ಸುಣ್ಣಬಣ್ಣದ ಕೆಲಸ, ಪುರುಸೊತ್ತಾದಾಗ ನೋಡೋಣ' ಎಂದಿದ್ದ ಮಹಾನುಭಾವ. ಅಲ್ಲಿಯವರೆಗೆ ಸಿಗದ ಪುರುಸೊತ್ತು ಈಗ ಅರ್ಧ ಗಂಟೆಯಲ್ಲಿ ಸಿಕ್ಕಿತು. ಅವಳು ಕಳಿಸಿದ್ದಕ್ಕೇ 'ತುರ್ತು ತಿದ್ದುಪಡಿ' ಎಂಬ ತಲೆಬರಹ ಕೊಟ್ಟು, ಕೆಳಗೆ ತನ್ನ ಹೆಸರು ಹಾಕಿ ಪ್ರಕಟಿಸಿದ.

ಹೆಸರು ಹಾಳಾಗಲಿ ಎಂದುಕೊಂಡು ಅವಳು ಪರದೆಯನ್ನು ತಂಗಿಯ ಕಡೆ ತಿರುಗಿಸಿದಳು. "ನೋಡು, ತಪ್ಪು ನಿಂದಲ್ಲ. ನಾನು ಯಾವತ್ತೋ ಬರೆದು ಕಳಿಸಿದ್ದೀನಿ, ತಾರೀಕು ಸಮೇತ ಇದೆ. ಇದನ್ನ ತಗೊಂಡು ಹೋಗಿ ಡಾಕ್ಟ್ರಿಗೆ ತೋರಿಸು."

ತಂಗಿ ಬಗ್ಗಿ ಓದಿದಳು. ತಾರೀಕಿನ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದಳು.

"ಎಂಟು ತಿಂಗಳಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು, ಆದ್ರೆ..."

"ದಿನಾ ಇದೇ ಮೇಜಲ್ಲಿ ಎದುರುಬದುರು ಕೂತು ಊಟ ಮಾಡ್ತೀವಿ."

"ಇನ್ನೂ ಒಪ್ಪಿಗೆ ಆಗಿರಲಿಲ್ಲ ಕಣೇ," ಎಂದಳು ಅಕ್ಕ. ಆಡಿದ ಮಾತು ಅವಳ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಉಸ್ತುವಾರಿಯವನಿಗೆ ಮೂರು ಸಲ ಜ್ಞಾಪಿಸಿದ್ದಳು. ಎದುರಿಗೆ ಕೂತವಳ ಕಿವಿಗೆ ಒಂದು ಮಾತು ಹಾಕಬೇಕೆಂದು ಹೊಳೆದೇ ಇರಲಿಲ್ಲ.

ತಂಗಿ ಅಡುಗೆಮನೆಗೆ ಹೋದಳು. ಪಾತ್ರೆಯ ಮುಚ್ಚಳ ತೆಗೆದ ಸದ್ದಾಯಿತು. ಅನ್ನ ಬಡಿಸಿಕೊಂಡ ತಟ್ಟೆ ಹಿಡಿದು ಹೊರಬಂದವಳು ಮೇಜಿನ ಪಕ್ಕದಲ್ಲೇ ಹಾದು ತನ್ನ ಕೋಣೆಗೆ ಹೋಗಿ, ಕಾಲಿನಿಂದ ಬಾಗಿಲು ಮುಚ್ಚಿಕೊಂಡಳು.