ನಿಂತಿದ್ದ ಎರಡು ಕಾರುಗಳ ಡಿಕ್ಕಿ

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಸ್ತ್ರಿಯ ಇಬ್ಬರು ಭಾವಂದಿರು ಅವನ ತಾಯಿಯ ಮನೆಯ ಎದುರಿಗೇ ಕಾರಿಗೆ ಕಾರು ಗುದ್ದಿಕೊಂಡರು.

ಮೇಸ್ತ್ರಿ ಎಂದರೆ ಕಾರಿನ ಬಾಡಿ ಕೆಲಸದ ಮೇಸ್ತ್ರಿ. ಅಪಘಾತವಾದ ಕಾರಿನ ನೆಗ್ಗಿದ ಮೂತಿ ಕಳಚಿ ಹೊಸ ಮೂತಿ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಎಷ್ಟೋ ಮನೆಗಳ ಕಾರುಗಳನ್ನು ರಿಪೇರಿ ಮಾಡಿದ್ದ. ಆದರೆ ಒಂದೇ ಅಪಘಾತದ ಎರಡೂ ಕಾರುಗಳು ಒಟ್ಟಿಗೆ, ಅದೂ ತನ್ನ ಮನೆಯವರದ್ದೇ ಆಗಿ, ಶೆಡ್ಡಿಗೆ ಬಂದದ್ದು ಅದೇ ಮೊದಲು.

ನಡೆದದ್ದು ಇಷ್ಟು. ತಾಯಿಯ ಮನೆಯ ಬೀದಿಯಲ್ಲಿ ಇರುವುದೇ ಒಂದು ಮರ. ಅದರ ನೆರಳಿಗೆ ಹಿಡಿಸುವುದು ಒಂದೇ ಕಾರು. ಭಾನುವಾರದ ಊಟಕ್ಕೆ ಮೊದಲು ಬಂದ ಅಳಿಯನ ಕಾರು ನೆರಳಿನಲ್ಲಿ ತಣ್ಣಗಿರುತ್ತಿತ್ತು, ಆಮೇಲೆ ಬಂದವನದು ಬಿಸಿಲಲ್ಲಿ ಕಾದ ಕಾವಲಿಯಾಗುತ್ತಿತ್ತು. ಈ ವಿಷಯಕ್ಕೆ ಇಬ್ಬರ ನಡುವೆ ಆರು ವರ್ಷಗಳಿಂದ ಒಳಗೊಳಗೇ ಪೈಪೋಟಿ. ಬಾಯಿಬಿಟ್ಟು ಯಾರೂ ಏನೂ ಅಂದವರಲ್ಲ. ಆದರೆ ಹನ್ನೆರಡಕ್ಕೆ ಬರುತ್ತಿದ್ದವರು ಹನ್ನೊಂದೂವರೆಗೆ, ಹನ್ನೊಂದೂಕಾಲಿಗೆ ಬರತೊಡಗಿ, ಅಡುಗೆ ಒಲೆ ಹತ್ತುವ ಮೊದಲೇ ಅಳಿಯಂದಿರು ಸೋಫಾದ ಮೇಲೆ ಕೂತಿರುವುದು ಅತ್ತೆಗೆ ತಲೆನೋವಾಗಿತ್ತು. ಆ ದಿನ ಒಬ್ಬರು ಬೀದಿಯ ಆ ತುದಿಯಿಂದ, ಇನ್ನೊಬ್ಬರು ಈ ತುದಿಯಿಂದ, ಒಂದೇ ಗಳಿಗೆಯಲ್ಲಿ ಬಂದರು. ಇಬ್ಬರೂ ಮರವನ್ನು ನೋಡಿದರು. ಒಬ್ಬರನ್ನೊಬ್ಬರು ನೋಡಲಿಲ್ಲ, ಅಥವಾ ನೋಡಿಯೂ ನೋಡದವರಂತೆ ಇದ್ದುಬಿಟ್ಟರು.

ಪುಣ್ಯಕ್ಕೆ ಯಾರಿಗೂ ಒಂದು ಗೀರೂ ಆಗಲಿಲ್ಲ. ಪೆಟ್ಟೆಲ್ಲ ಕಾರುಗಳಿಗೆ. ಅವೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಒಂದೇ ಬೂದು ಬಣ್ಣದವು. ದೊಡ್ಡ ಭಾವ ತೆಗೆದುಕೊಂಡ ಮರುವರ್ಷವೇ ಚಿಕ್ಕ ಭಾವ ಅದನ್ನೇ ತೆಗೆದುಕೊಂಡಿದ್ದರು. ಅದೂ ಹಳೆಯ ಮುನಿಸು. ಕ್ರೇನಿನಲ್ಲಿ ತೂಗಿಕೊಂಡು ಬಂದ ಎರಡನ್ನೂ ಶೆಡ್ಡಿನಲ್ಲಿ ಅಕ್ಕಪಕ್ಕ ಇಳಿಸಿದಾಗ ಮೇಸ್ತ್ರಿಗೆ ಕಂಡದ್ದು ಕಾರುಗಳ ಮೂತಿ ಒಳಕ್ಕೆ ಹೋಗಿರುವುದು, ಭಾವಂದಿರ ಮೂತಿ ಹೊರಕ್ಕೆ ಬಂದಿರುವುದು.

ಸೋಮವಾರ ವಿಮೆಯ ಕಡೆಯಿಂದ ಸರ್ವೇಯರ್ ಮೇಡಂ ಬಂದರು. ತೆಳ್ಳಗಿನ, ಕಡಿಮೆ ಮಾತಿನ ಹೆಂಗಸು. ಎರಡೂ ಕಾರುಗಳ ಫೋಟೊ ತೆಗೆದುಕೊಂಡು, ಭಾವಂದಿರು ಬರೆದುಕೊಟ್ಟ ಹೇಳಿಕೆಗಳನ್ನು ಅಲ್ಲೇ ನಿಂತು ಓದಿದರು. ಒಂದನ್ನು ಓದಿದರು, ಇನ್ನೊಂದನ್ನು ಓದಿದರು, ಮತ್ತೆ ಮೊದಲನೆಯದನ್ನು ಓದಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಇವರು ಬರೀತಾರೆ, ನನ್ನ ಕಾರು ನಿಂತಿತ್ತು, ಅವರು ಬಂದು ಗುದ್ದಿದ್ರು ಅಂತ. ಅವರೂ ಅದನ್ನೇ ಬರೆದಿದ್ದಾರೆ. ಎರಡೂ ನಿಂತಿದ್ರೆ, ಮೇಸ್ತ್ರಿ, ಡಿಕ್ಕಿ ಹೇಗಾಯ್ತು?”

ಮೇಸ್ತ್ರಿ ತನ್ನ ಕೈಯಲ್ಲಿದ್ದ ಸ್ಪ್ಯಾನರನ್ನು ಮೊದಲ ಬಾರಿ ಕಂಡವನಂತೆ ನೋಡಿದ. ಕಾರುಗಳನ್ನು ಬಿಚ್ಚಿ ಒಳಗಿನ ಪೆಟ್ಟು ಎಷ್ಟಿದೆ ನೋಡಿಡಿ, ಹೊಸ ಭಾಗ ಬೆಸೆಯುವ ಮೊದಲು ಗುರುವಾರ ಹತ್ತಕ್ಕೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಯಾವ ಕಾರು ನಿಂತಿತ್ತು ಎಂದು ಗೊತ್ತಾದರೆ ಎಲ್ಲರಿಗೂ ಒಳ್ಳೆಯದು ಎಂದು ಹೇಳಿ ಮೇಡಂ ಹೊರಟುಹೋದರು.

ಅಲ್ಲಿಂದ ಮೇಸ್ತ್ರಿಯ ಪಾಡು ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಇಬ್ಬರೂ ಅಕ್ಕಂದಿರ ಗಂಡಂದಿರು, ಇಬ್ಬರೂ ಹಿರಿಯರು. ಒಬ್ಬರಿಗೆ ಹೌದು ಎಂದರೆ ಇನ್ನೊಬ್ಬರ ಮನೆಯ ಬಾಗಿಲು ಮುಚ್ಚಿದಂತೆ.

ದೊಡ್ಡ ಭಾವ ಹೈಸ್ಕೂಲಿನ ಗಣಿತ ಮೇಷ್ಟ್ರು. ಮಂಗಳವಾರ ಶಾಲೆ ಬಿಟ್ಟೊಡನೆ ನೇರ ಶೆಡ್ಡಿಗೆ ಬಂದು, ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಬೀದಿಯನ್ನು ಬರೆದರು. ಮರವನ್ನು ವೃತ್ತವಾಗಿ, ತಮ್ಮ ಕಾರನ್ನು ಒಂದು ಚುಕ್ಕೆಯಾಗಿ, ಷಡ್ಡಕನ ಕಾರನ್ನು ಬಾಣವಾಗಿ ತೋರಿಸಿದರು. ಚುಕ್ಕೆ ಚಲಿಸುವುದಿಲ್ಲ, ಬಾಣ ಚಲಿಸುತ್ತದೆ, ಆದ್ದರಿಂದ ತಪ್ಪು ಬಾಣದ್ದು ಎಂದು ಸಾಧಿಸಿ, ಅಡಿಯಲ್ಲಿ ಎರಡು ಗೆರೆ ಎಳೆದು, ಕೈ ಕೊಡವಿಕೊಂಡು ಹೋದರು.

ಅವರು ಹೋಗಿ ಅರ್ಧ ಗಂಟೆಗೆ ಚಿಕ್ಕ ಭಾವ ಬಂದರು. ಅವರದು ಕನ್ನಡಕದ ಅಂಗಡಿ. ನೆಲದ ಮೇಲಿನ ಚಿತ್ರ ನೋಡಿದ್ದೇ, ಯಾರು ಬರೆದದ್ದೆಂದು ಕೇಳದೆಯೇ ಚಪ್ಪಲಿಯಲ್ಲಿ ಬಾಣವನ್ನು ಉಜ್ಜಿ ಹಾಕಿದರು. ತಮ್ಮ ಬಲಗಾಲಿನ ಚಪ್ಪಲಿಯನ್ನು ಕಳಚಿ ವೃತ್ತದ ಪಕ್ಕ ಇಟ್ಟು, ಇದು ನಾನು, ನಿಂತಿದ್ದೇನೆ ಎಂದರು. ಎಡಗಾಲಿನದನ್ನು ದೂರದಿಂದ ಜಾರಿಸಿಕೊಂಡು ಬಂದು ಗುದ್ದಿಸಿದರು. ಊರಿನ ಅರ್ಧ ಜನಕ್ಕೆ ಕಣ್ಣು ಕಾಣುವಂತೆ ಮಾಡಿದ ತನಗೆ ಎದುರಿನಿಂದ ಬರುವ ಕಾರು ಕಾಣುವುದಿಲ್ಲವೇ ಎಂದು ಕೇಳಿದರು. ಕೇಳುವ ರಭಸದಲ್ಲಿ ಒಂದು ಚಪ್ಪಲಿ ಜ್ಯಾಕಿನ ಅಡಿ ಸೇರಿ, ಅದನ್ನು ಎಳೆಯಲು ಅವರೂ ಮೇಸ್ತ್ರಿಯೂ ಮಂಡಿಯೂರಬೇಕಾಯಿತು.

ಅಕ್ಕಂದಿರ ಕಷ್ಟವೇ ಬೇರೆ. ಅವರಿಬ್ಬರಿಗೂ ಜಗಳವಿಲ್ಲ. ಆದರೆ ಗಂಡಂದಿರು ಮಾತು ಬಿಟ್ಟ ಮೇಲೆ ದಿನಾ ಮಾಡುತ್ತಿದ್ದ ಫೋನನ್ನು ಒಬ್ಬಳು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು, ಇನ್ನೊಬ್ಬಳು ಮಹಡಿಯ ನೀರಿನ ಟ್ಯಾಂಕಿನ ಹಿಂದೆ ನಿಂತು ಮಾಡಬೇಕಾಗಿತ್ತು. ಹೇಗಾದರೂ ಇದನ್ನೊಂದು ದಾರಿಗೆ ತಾ ಎಂದು ಇಬ್ಬರೂ ತಮ್ಮನಿಗೆ ಗಂಟುಬಿದ್ದರು.

ಅವನಿಗೆ ಗೊತ್ತಿದ್ದ ದಾರಿ ಒಂದೇ, ಕೆಲಸ. ಬುಧವಾರ ಬೆಳಿಗ್ಗೆ ಎರಡೂ ಕಾರುಗಳ ಮುಂಭಾಗ ಬಿಚ್ಚಿದ. ಬಂಪರ್ ಪುಡಿಯಾಗಿತ್ತು. ಅದರ ಹಿಂದಿನ ಉಕ್ಕಿನ ಅಡ್ಡಪಟ್ಟಿ ಬಿಲ್ಲಿನಂತೆ ಬಾಗಿತ್ತು. ರೇಡಿಯೇಟರನ್ನು ಹಿಡಿದಿಡುವ ಚೌಕಟ್ಟು ಚೌಕಾಕಾರವನ್ನೇ ಮರೆತಿತ್ತು. ಬಾನೆಟ್ಟಿನ ಕೆಳಗೆ ಚಾಚಿಕೊಂಡಿರುವ ಎರಡು ಉದ್ದ ಕಂಬಿಗಳೇ ಕಾರಿನ ಮುಂದೋಳುಗಳು. ಪೆಟ್ಟು ಬಿದ್ದಾಗ ತಾವು ಮಡಿಸಿಕೊಂಡು ಒಳಗೆ ಕೂತವರನ್ನು ಕಾಯುವುದು ಅವುಗಳ ಕೆಲಸ. ಎರಡು ಕಾರುಗಳಲ್ಲೂ ಎಡಗಡೆಯದು ಮುದುಡಿಹೋಗಿತ್ತು. ಎಳೆದು ನೆಟ್ಟಗೆ ಮಾಡಿದರೆ ನೋಡುವುದಕ್ಕೆ ಚೆಂದ, ಆದರೆ ಒಮ್ಮೆ ಮಡಿಸಿದ ಉಕ್ಕಿಗೆ ಮೊದಲಿನ ತಾಕತ್ತು ಇರುವುದಿಲ್ಲ. ಕತ್ತರಿಸಿ ಹೊಸದನ್ನೇ ಬೆಸೆಯಬೇಕು.

ಕತ್ತರಿಸುವ ಮೊದಲು ಬ್ಯಾಟರಿ ತೆಗೆಯಬೇಕಲ್ಲ. ಎರಡೂ ಕಾರುಗಳ ಬ್ಯಾಟರಿ ಆ ಎಡಗಡೆಯಲ್ಲೇ ಇದ್ದದ್ದರಿಂದ ಡಬ್ಬಿ ಒಡೆದು, ತಂತಿ ತುಂಡಾಗಿತ್ತು. ದೊಡ್ಡ ಭಾವನ ಕಾರಿನದನ್ನು ಎತ್ತಿ ಪಕ್ಕಕ್ಕಿಟ್ಟು, ಸ್ಟೇರಿಂಗ್ ನೇರವಿದೆಯೇ ನೋಡಲು ಡ್ರೈವರ್ ಸೀಟಿನಲ್ಲಿ ಕೂತವನು ಹಾಗೇ ಕೂತುಬಿಟ್ಟ.

ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲಿರಲಿಲ್ಲ. ಇಪ್ಪತ್ತಮೂರರ ಮೇಲಿತ್ತು.

ಇಂಥದ್ದನ್ನು ಅವನು ಹಿಂದೆಯೂ ಎರಡು ಮೂರು ಸಲ ನೋಡಿದ್ದ. ಗುದ್ದಿದ ಕ್ಷಣವೇ ಕರೆಂಟು ಕಡಿದುಹೋದರೆ, ಈ ಜಾತಿಯ ಕಾರುಗಳಲ್ಲಿ ಮುಳ್ಳು ಇಳಿಯಲು ಶಕ್ತಿಯಿಲ್ಲದೆ ಇದ್ದಲ್ಲೇ ನಿಂತುಬಿಡುತ್ತದೆ. ಅವನಿಗೆ ಒಳಗೊಳಗೇ ನಗು ಬಂತು. ಚುಕ್ಕೆ ಗಂಟೆಗೆ ಇಪ್ಪತ್ತಮೂರು ಕಿಲೋಮೀಟರ್ ವೇಗದಲ್ಲಿ ನಿಂತಿತ್ತು! ಹಾಗಾದರೆ ಚಿಕ್ಕ ಭಾವ ಹೇಳಿದ್ದೇ ನಿಜವೇ ಎಂದುಕೊಂಡು ಇಳಿದು ಆ ಕಾರಿನ ಬಾಗಿಲು ತೆಗೆದ. ಅಲ್ಲಿಯ ಮುಳ್ಳು ಇಪ್ಪತ್ತೈದರ ಮೇಲಿತ್ತು.

ಮೇಸ್ತ್ರಿ ಎರಡು ಕಾರುಗಳ ನಡುವೆ ಹಳೆಯ ಟಯರಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. ಇದನ್ನು ಅಳಿಸುವುದು ಎಡಗೈ ಕೆಲಸ. ಒಂದು ಒಳ್ಳೆಯ ಬ್ಯಾಟರಿಯ ತಂತಿ ಮುಟ್ಟಿಸಿದರೆ ಮುಳ್ಳು ಟಕ್ಕೆಂದು ಸೊನ್ನೆಗೆ ಬೀಳುತ್ತದೆ. ಯಾರ ಕಾರಿಗೆ ಮುಟ್ಟಿಸುತ್ತಾನೋ ಅವರು ಭಾನುವಾರ ನಿಜಕ್ಕೂ ನಿಂತಿದ್ದರು ಎಂದಾಗುತ್ತದೆ. ಎರಡಕ್ಕೂ ಮುಟ್ಟಿಸಿದರೆ ಮೇಡಂ ಕೇಳಿದ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಕೊನೆಗೆ ಅವನು ಯಾವುದಕ್ಕೂ ಮುಟ್ಟಿಸಲಿಲ್ಲ. ಇಬ್ಬರಿಗೂ ಫೋನ್ ಮಾಡಿ, ಇನ್ನೊಬ್ಬರೂ ಬರುತ್ತಾರೆ ಎಂಬುದನ್ನು ಹೇಳದೆ, ಗುರುವಾರ ಒಂಬತ್ತಕ್ಕೆ ಬರಲು ಹೇಳಿದ.

ಗುರುವಾರ ಇಬ್ಬರೂ ಬಂದರು. ಒಬ್ಬರನ್ನೊಬ್ಬರು ಕಂಡು, ಒಬ್ಬರು ಶೆಡ್ಡಿನ ಸೂರು ನೋಡಿದರು, ಇನ್ನೊಬ್ಬರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಮೇಸ್ತ್ರಿ ಎರಡೂ ಕಾರುಗಳ ಬಾಗಿಲು ತೆರೆದ. ದೊಡ್ಡ ಭಾವನನ್ನು ಚಿಕ್ಕ ಭಾವನ ಕಾರಿನಲ್ಲೂ, ಚಿಕ್ಕ ಭಾವನನ್ನು ದೊಡ್ಡ ಭಾವನ ಕಾರಿನಲ್ಲೂ ಕೂರಿಸಿದ. ಮುಳ್ಳು ಎಲ್ಲಿದೆ ನೋಡಿ ಎಂದ. ಯಾಕೆ ಅಲ್ಲೇ ನಿಂತಿದೆ ಎಂಬುದನ್ನೂ ವಿವರಿಸಿದ.

ಮೊದಲು ಎರಡೂ ಕಾರುಗಳಿಂದ ಒಟ್ಟಿಗೇ “ಆಹಾ” ಎಂದು ಕೇಳಿಸಿತು. ಷಡ್ಡಕನ ಸುಳ್ಳು ಸಿಕ್ಕಿಬಿದ್ದ ಸಂತೋಷ ಇಬ್ಬರಿಗೂ. ಆಮೇಲೆ ಅದೇ ಲೆಕ್ಕ ತಮ್ಮ ಕಾರಿಗೂ ಹೊಂದುತ್ತದೆ ಎಂದು ಇಬ್ಬರಿಗೂ ಹೊಳೆಯಿತು.

ದೊಡ್ಡ ಭಾವ ಮೊದಲು ಇಳಿದರು. ಇಪ್ಪತ್ತೈದಕ್ಕಿಂತ ಇಪ್ಪತ್ತಮೂರು ಕಡಿಮೆ ಎಂಬುದನ್ನು ಸಭೆಯ ಗಮನಕ್ಕೆ ತಂದರು. ಚಿಕ್ಕ ಭಾವ ಇಳಿದು, ನಿಂತಿದ್ದೆ ಅಂದವರಿಗೆ ಎರಡು ಕಿಲೋಮೀಟರಿನ ಮಾತು ಯಾಕೆ ಬೇಕು ಎಂದರು. ಹೀಗೆ ಐದು ದಿನಗಳಲ್ಲಿ ಮೊದಲ ಸಲ ಅವರು ಒಬ್ಬರಿಗೊಬ್ಬರು ಮಾತಾಡಿದರು. ಮಾತು ಏರುತ್ತಾ ಹೋಗಿ, ಇನ್ನೇನು ಮರದ ಸುದ್ದಿ ಹೊರಬೀಳುತ್ತದೆ ಎನ್ನುವಾಗ ಮೇಸ್ತ್ರಿ ನಡುವೆ ಬಾಯಿ ಹಾಕಿದ.

“ಭಾವ, ಹತ್ತಕ್ಕೆ ಮೇಡಂ ಬರ್ತಾರೆ. ನಾನು ಸುಳ್ಳು ಹೇಳೋದಿಲ್ಲ. ಇಬ್ಬರೂ ಓಡಿಸ್ತಾ ಇದ್ರಿ, ಇಬ್ಬರೂ ಬ್ರೇಕ್ ಒತ್ತೋಕೆ ಮನಸ್ಸು ಮಾಡಲಿಲ್ಲ, ಅಷ್ಟೇ.”

ಇಬ್ಬರೂ ಅವನತ್ತ ತಿರುಗಿದರು. ಮನೆಯ ಕಿರಿಯ, ತಮ್ಮ ಮದುವೆಯಲ್ಲಿ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು, ತಮಗೆ ಬ್ರೇಕಿನ ಪಾಠ ಹೇಳುವುದೆಂದರೇನು? ದೊಡ್ಡ ಭಾವ ಚಿಕ್ಕ ಭಾವನ ಮುಖ ನೋಡಿದರು.

“ನಿಮಗೇನನ್ನಿಸುತ್ತೆ? ಆ ಮುಳ್ಳನ್ನ ನಂಬಬಹುದಾ?”

“ನನ್ನ ಕಾರಿನ ಮುಳ್ಳು ಯಾವತ್ತೂ ಸ್ವಲ್ಪ ಜಾಸ್ತೀನೇ ತೋರಿಸ್ತಿತ್ತು,” ಎಂದರು ಚಿಕ್ಕ ಭಾವ.

“ನನ್ನದೂ ಹಾಗೇ ರೀ!”

ಅಷ್ಟು ಸಾಕಾಯಿತು. ಒಂದೇ ಮಾದರಿಯ ಕಾರು ಇಟ್ಟುಕೊಂಡವರಿಗೆ ಒಂದೇ ಮಾದರಿಯ ಕಷ್ಟಗಳು. ಮುಳ್ಳಿನಿಂದ ಹೊರಟ ಮಾತು ವೈಪರಿಗೆ, ವೈಪರಿನಿಂದ ಹಿಂದಿನ ಬಾಗಿಲಿನ ಕಿರುಗುಟ್ಟುವ ಸದ್ದಿಗೆ ಹೋಯಿತು. ಆರು ವರ್ಷ ಇಬ್ಬರೂ ಆ ಸದ್ದನ್ನು ಒಬ್ಬೊಬ್ಬರೇ ಸಹಿಸಿಕೊಂಡಿದ್ದರು. ಒಂಬತ್ತೂಮುಕ್ಕಾಲಿಗೆ ಅವರು ಒಂದೇ ಬೆಂಚಿನ ಮೇಲೆ ಕೂತು ಹೊಸ ಹೇಳಿಕೆ ಬರೆಯುತ್ತಿದ್ದರು. ಮೇಷ್ಟ್ರು ಹೇಳುವುದು, ಕನ್ನಡಕದವರು ಬರೆಯುವುದು. ‘ಎರಡೂ ವಾಹನಗಳು ಅತಿ ನಿಧಾನವಾಗಿ ಚಲಿಸುತ್ತಿದ್ದಾಗ’ ಎಂಬಲ್ಲಿ ‘ಅತಿ’ ಬೇಕೋ ಬೇಡವೋ ಎಂಬ ಬಗ್ಗೆ ಮಾತ್ರ ಸ್ವಲ್ಪ ಚರ್ಚೆ ನಡೆದು, ‘ಸಾಕಷ್ಟು’ ಎಂದು ತೀರ್ಮಾನವಾಯಿತು.

ಮೇಡಂ ಬಂದು ಮುಳ್ಳುಗಳ ಫೋಟೊ ತೆಗೆದರು, ಹೇಳಿಕೆ ಓದಿದರು, ತಪ್ಪು ಅರ್ಧರ್ಧ ಎಂದು ಬರೆದುಕೊಂಡರು. ಕೆಲಸ ಮುಂದುವರಿಸಲು ಮೇಸ್ತ್ರಿಗೆ ಒಪ್ಪಿಗೆ ಕೊಟ್ಟರು. ಹೋಗುವಾಗ ಅವರ ತುಟಿಯಂಚಿನಲ್ಲಿ ಏನೋ ಅಲುಗಿದಂತೆ ಮೇಸ್ತ್ರಿಗೆ ಕಂಡಿತು.

ಮುಂದಿನ ಎಂಟು ದಿನ ಅವನಿಗೆ ಪುರುಸೊತ್ತಿಲ್ಲ. ಹಳೆಯ ಕಂಬಿಗಳ ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಕೊರೆದು ಬಿಡಿಸಿದ. ಹೊಸ ಕಂಬಿಗಳನ್ನು, ಹೊಸ ಚೌಕಟ್ಟನ್ನು ಕ್ಲ್ಯಾಂಪು ಹಾಕಿ ಹಿಡಿಸಿ, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದ. ಎರಡು ಅಳತೆಗಳೂ ಸರಿಸಮ ಬರುವವರೆಗೆ ಬೆಸುಗೆಯ ಯಂತ್ರ ಮುಟ್ಟುವವನಲ್ಲ ಅವನು. ಬಾನೆಟ್ಟನ್ನೂ ದೀಪಗಳನ್ನೂ ಒಮ್ಮೆ ಸುಮ್ಮನೆ ಕೂರಿಸಿ ನೋಡಿ, ತೆಗೆದು, ಆಮೇಲೆ ಬೆಸೆದ. ಒಳಮೈಗೆ ತುಕ್ಕು ಹಿಡಿಯದ ಬಣ್ಣ ಬಳಿದ. ಯಾರ ಕಾರು ಮೊದಲು ಎಂಬ ಮಾತು ಬಾರದಂತೆ ಬೆಳಿಗ್ಗೆ ಒಂದಕ್ಕೆ, ಮಧ್ಯಾಹ್ನ ಒಂದಕ್ಕೆ ಕೈ ಹಾಕಿ, ಎರಡನ್ನೂ ಒಂದೇ ಸಂಜೆ ಮುಗಿಸಿದ.

ಕಾರು ಒಯ್ಯಲು ಭಾವಂದಿರು ಒಂದೇ ಆಟೋದಲ್ಲಿ ಬಂದಿಳಿದರು. ಮೇಷ್ಟ್ರ ಕೈಯಲ್ಲಿ ಜ್ಯಾಮಿತಿಯ ಸ್ಕೇಲು, ಕನ್ನಡಕದವರ ಕೈಯಲ್ಲಿ ಒಂದು ದಪ್ಪ ಭೂತಗನ್ನಡಿ. ಮೇಸ್ತ್ರಿಗೆ ಒಂದು ಮಾತೂ ಹೇಳದೆ ನೇರ ಬಾನೆಟ್ಟಿನ ಬಳಿ ಹೋಗಿ, ಬಾನೆಟ್ಟಿಗೂ ಚಕ್ರದ ಮೇಲಿನ ರೆಕ್ಕೆಯಂಥ ತಗಡಿಗೂ ನಡುವಿನ ಸಂದನ್ನು ಒಬ್ಬರು ಅಳೆದರು, ಇನ್ನೊಬ್ಬರು ಗಾಜು ಹಿಡಿದು ಅಳತೆ ಓದಿದರು. ಎಡಗಡೆ ನಾಲ್ಕು ಮಿಲಿಮೀಟರು, ಬಲಗಡೆ ನಾಲ್ಕೂವರೆ. ಇನ್ನೊಂದು ಕಾರಿನಲ್ಲೂ ನೋಡಿದರು, ಅಲ್ಲೂ ಅದೇ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಗುಸುಗುಸು ಮಾತಾಡಿ, ಆಮೇಲೆ ಸೊಂಟಕ್ಕೆ ಕೈಯಿಟ್ಟು ಒಟ್ಟಿಗೇ ತಿರುಗಿ, ಇಪ್ಪತ್ತೆರಡು ವರ್ಷದ ಅನುಭವ ಇಟ್ಟುಕೊಂಡು ಇದೇನಪ್ಪಾ ಕೆಲಸ ಎಂದು ಶುರುಮಾಡಿದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು.

ಅಷ್ಟರಲ್ಲಿ ದೊಡ್ಡಕ್ಕನ ಫೋನ್ ಬಂತು. ಹಿಂದೆ ನಲ್ಲಿಯ ಸದ್ದು ಇರಲಿಲ್ಲ. ಇಬ್ಬರೂ ಅಲ್ಲೇ ಇದ್ದಾರಾ, ಏನು ಮಾಡುತ್ತಿದ್ದಾರೆ ಎಂದು ಕೇಳಿದಳು.

“ನನ್ನನ್ನ ಬೈತಾ ಇದ್ದಾರೆ ಅಕ್ಕ. ಇಬ್ಬರೂ ಸೇರಿಕೊಂಡು.”

ಅಕ್ಕ ಪಕ್ಕದಲ್ಲಿದ್ದ ಯಾರಿಗೋ ಅದನ್ನೇ ಹೇಳಿದಳು. ಚಿಕ್ಕಕ್ಕ ನಕ್ಕದ್ದು ಅವನಿಗೆ ಚೆನ್ನಾಗಿ ಕೇಳಿಸಿತು.

“ಇನ್ನೊಂದು ಸ್ವಲ್ಪ ಹೊತ್ತು ಬೈಸ್ಕೋ,” ಎಂದಳು ದೊಡ್ಡಕ್ಕ. “ಎದುರುತ್ತರ ಕೊಟ್ಟು ಕೆಡಿಸಬೇಡ.”

ಮೇಸ್ತ್ರಿ ಫೋನನ್ನು ಜೇಬಿಗಿಳಿಸಿ, ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ.